ಹೊಸ್ತಿಲ ಕೆಳಗಿನ ಮರಳು

"ಕಳ್ಳರನ್ನ ಮನೆ ಒಳಗೆ ಬಿಟ್ಕೊಂಡಿದ್ದೇ ನಮ್ಮ ತಪ್ಪು!"

"ಬಾಯಿಗೆ ಬಂದಂಗೆ ಮಾತಾಡ್ಬೇಡಿ ಸಾರ್. ನಾಲಿಗೆ ಹಿಡಿತದಲ್ಲಿರಲಿ!"

"ಇಲ್ಲಾಂದ್ರೆ ಏನ್ರೀ ಮಾಡ್ತೀರ? ಸ್ಟೇಷನ್‌ಗೆ ಫೋನ್ ಮಾಡ್ಲಾ? ನಾಲ್ಕು ಬಿಟ್ರೆ ನಿಮ್ಮ ಮೇಸ್ತ್ರಿ ತಾನಾಗೇ ಕಕ್ತಾನೆ!"

ಹಾಗೆ ಕೂಗುತ್ತಿದ್ದವನು ಶಿವಕಿರಣ್, ವಿಜಯನಗರದ ಆ ಮನೆಯ ಮಗ. ಎದುರು ನಿಂತು ಕೂಗುತ್ತಿದ್ದವನು ನಾನು, ಲಗ್ಗೆರೆಯ ಮುನಿಯಣ್ಣ. ಹಳೆಯ ಮನೆಗಳ ರಿಪೇರಿ, ಪೇಂಟಿಂಗ್ ನನ್ನ ಕಸುಬು. ನಮ್ಮಿಬ್ಬರ ನಡುವೆ, ಬಾಗಿಲು ಕಿತ್ತ ಜಾಗಕ್ಕೆ ಬೆನ್ನು ಮಾಡಿ ನಿಂತಿದ್ದವನು ಅಂಜಿನಯ್ಯ. ಗಾರೆ ಮೇಸ್ತ್ರಿ. ಇಪ್ಪತ್ತೆರಡು ವರ್ಷದಿಂದ ನನ್ನ ಜೊತೆ ಇದ್ದವನು. ಅವನ ಕೈಯಲ್ಲಿ ಒಂದು ತಾಮ್ರದ ಡಬ್ಬಿ. ಅದು ಖಾಲಿ.

ಮೂವತ್ತೈದು ವರ್ಷದ ಹಿಂದೆ ಈ ಮನೆಗೆ ಬಾಗಿಲು ನಿಲ್ಲಿಸುವಾಗ ಯಜಮಾನರಾದ ಶಂಭುಲಿಂಗಪ್ಪನವರು ಹೊಸ್ತಿಲ ಕಲ್ಲಿನ ಕೆಳಗೆ ಆ ಡಬ್ಬಿ ಇಟ್ಟಿದ್ದರಂತೆ. ಎಲ್ಲರೂ ಇಡುವ ನವಧಾನ್ಯ, ಪಂಚಲೋಹದ ಚೂರಿನ ಜೊತೆಗೆ ಅವರ ತಾಯಿಯ ಹತ್ತು ಚಿನ್ನದ ಪುತ್ತಳಿ ಕಾಸು. ಯಜಮಾನರು ಹೋಗಿ ಹನ್ನೆರಡು ವರ್ಷವಾಗಿತ್ತು. ಈಗ ಮನೆ ಮಾರಾಟಕ್ಕಿತ್ತು. ಅವರ ಹೆಂಡತಿ ಗಿರಿಜಾದೇವಿ ಒಂದೇ ಹಟ ಹಿಡಿದಿದ್ದರು: ಪುತ್ತಳಿ ಕೈಗೆ ಬರದೆ ಅಗ್ರಿಮೆಂಟಿಗೆ ಸಹಿ ಇಲ್ಲ. ಅವು ಮಗಳು ಶಿವರಂಜನಿಗೆ.

ಬೆಳಿಗ್ಗೆ ತಾಯಿ ಮಗಳು ದೇವಸ್ಥಾನಕ್ಕೆ ಹೋಗಿದ್ದರು. ನಾನು ಬಣ್ಣ ತರಲು ಹೋಗಿದ್ದೆ. ಅಂಜಿನಯ್ಯ ಕಲ್ಲು ಎಬ್ಬಿಸಿದ. ಡಬ್ಬಿಯಿತ್ತು. ಒಳಗೆ ಹಿಟ್ಟಾದ ಧಾನ್ಯ, ಲೋಹದ ಚೂರು. ಪುತ್ತಳಿ ಒಂದೂ ಇಲ್ಲ. ತಾಯಿ ಮಗಳೂ ನಾನೂ ವಾಪಸ್ ಬರುವಷ್ಟರಲ್ಲಿ ಕೂಗಾಟ ಶುರುವಾಗಿತ್ತು.

"ಮುನಿಯಣ್ಣ, ಆ ಕಲ್ಲು—" ಎಂದ ಅಂಜಿನಯ್ಯ.

"ನೀನು ಸುಮ್ನಿರು!" ನನಗೆ ತಲೆ ಕೆಟ್ಟಿತ್ತು. ಅವನ ಚೀಲ ಕಿತ್ತುಕೊಂಡು ಹಾಲ್ ಮಧ್ಯೆ ಸುರಿದೆ. ಕರಣೆ, ತೂಗುಗುಂಡು, ಊಟದ ಡಬ್ಬಿ. ಆ ಡಬ್ಬಿಯನ್ನೂ ತೆಗೆದು ತೋರಿಸಿದೆ. ಮುದ್ದೆ, ಸೊಪ್ಪಿನ ಸಾರು.

"ಬಟ್ಟೆ ಒಳಗೆ ಇಟ್ಕೊಂಡಿರ್ತಾನೆ" ಎಂದ ಶಿವಕಿರಣ್.

"ಅದನ್ನೂ ನೋಡ್ಬಿಡಿ! ಅಂಜಿನಯ್ಯ, ಶರ್ಟ್ ಬಿಚ್ಚು."

ಐವತ್ತೆಂಟು ವರ್ಷದ ಮನುಷ್ಯ. ಇಬ್ಬರು ಹೆಂಗಸರ ಎದುರು ಶರ್ಟ್ ಬಿಚ್ಚಿದ. ಪ್ಯಾಂಟಿನ ಜೇಬು ಹೊರಗೆಳೆದು ತೋರಿಸಿದ. ತೂತು ಬಿದ್ದ ಬನೀನಿನಲ್ಲಿ ನಿಂತ. ಏನೂ ಸಿಗಲಿಲ್ಲ.

"ಸಾಕು ನಿಲ್ಸ್ರಪ್ಪ!" ಎಂದರು ಗಿರಿಜಾದೇವಿ. "ರಂಜನಿ, ಪಕ್ಕದ ಮನೆ ಅನಂತಲಕ್ಷ್ಮಿಯವರನ್ನ ಕರಿ."

ಅನಂತಲಕ್ಷ್ಮಿ ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ಎಎಸ್‌ಐ ಆಗಿ ನಿವೃತ್ತರಾದವರು. ಮಂಡಿನೋವು. ಗೋಡೆ ಹಿಡಿದುಕೊಂಡು ನಿಧಾನಕ್ಕೆ ಬಂದರು. ಮೊದಲು ನೋಡಿದ್ದು ಅಂಜಿನಯ್ಯನನ್ನು.

"ಶರ್ಟ್ ಹಾಕ್ಕೊಳಪ್ಪ" ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಕಿತ್ತ ಬಾಗಿಲಿನಿಂದ ಬೀದಿಯ ಧೂಳು ಒಳಗೆ ಬರುತ್ತಿತ್ತು. ಸೋಫಾಗಳಿಗೆಲ್ಲ ಹಳೆಯ ಸೀರೆ ಹೊದಿಸಿ, ಮನೆಯೇ ಸೂತಕದಲ್ಲಿದ್ದ ಹಾಗಿತ್ತು.

"ಕಂಪ್ಲೇಂಟ್ ಕೊಟ್ರೆ ಏನಾಗುತ್ತೆ ಮೇಡಂ?" ಎಂದೆ.

"ಏನಾಗುತ್ತೆ? ಕರ್ಕೊಂಡು ಹೋಗ್ತಾರೆ, ಕೂರಿಸ್ತಾರೆ. ಆಮೇಲೆ ಬಿಟ್ರೂ ಈ ಏರಿಯಾದಲ್ಲಿ ಇವ್ನನ್ನ ಯಾರೂ ಮನೆ ಒಳಗೆ ಸೇರಿಸಲ್ಲ." ಅವರು ಅಂಜಿನಯ್ಯನ ಕಡೆ ತಿರುಗಿದರು. "ಕಲ್ಲು ಎಬ್ಬಿಸು ಅಂದೋರು ಯಾರು?"

"ಕಿರಣ್ ಸಾರ್."

"ನಾನು ಬಂದ್ಮೇಲೆ ಎಬ್ಬಿಸ್ರಿ ಅಂದಿದ್ದೆನಲ್ಲೋ ಕಿರಣ?" ಎಂದರು ಗಿರಿಜಾದೇವಿ.

"ಕೂಲಿ ಕೊಟ್ಟು ಸುಮ್ನೆ ಕೂರಿಸ್ಕೊಳಕ್ಕಾಗುತ್ತಾ ಅಮ್ಮ? ನಾನು ಮೇಲೆ ಫೋನಲ್ಲಿದ್ದೆ. ಕೆಳಗೆ ಇವನೊಬ್ಬನೇ."

"ಒಬ್ಬನೇ" ಎಂದು ಅನಂತಲಕ್ಷ್ಮಿ ಆ ಮಾತನ್ನೇ ತಿರುಗಿಸಿ ಅಂದರು. "ಸರಿ. ಮುನಿಯಣ್ಣ, ಮಾರೋ ಮನೆಗೆ ಯಾವ್ಯಾವ ಕೆಲಸ ಮಾಡಿಸ್ಬೇಕು? ನಿನ್ನ ಲೆಕ್ಕದಲ್ಲಿ ಹೇಳು."

ಇದೆಂಥ ಪ್ರಶ್ನೆ ಎನ್ನಿಸಿತು. ಆದರೂ ಹೇಳಿದೆ. "ಟೆರೇಸ್ ಸೋರೋದು ನಿಲ್ಲಿಸ್ಬೇಕು. ಗೋಡೆ ತೇವ ಇದ್ರೆ ನೋಡೋಕೆ ಬಂದೋರು ಗೇಟಿಂದಾನೇ ವಾಪಸ್. ನಲ್ಲಿ, ಸ್ವಿಚ್ಚು ಸರಿ ಮಾಡಿ ಒಂದು ಕೋಟ್ ಬಣ್ಣ. ಅಷ್ಟೇ. ಮಿಕ್ಕಿದ್ದೆಲ್ಲ ದಂಡ."

"ಮತ್ತೆ ಇಲ್ಲಿ ಹೊಸದಾಗಿ ತೇಗದ ಬಾಗಿಲು, ಗ್ರಾನೈಟ್ ಹೊಸ್ತಿಲು ಯಾಕೆ?"

"ನಾನು ಬೇಡ ಅಂತ ಬಡ್ಕೊಂಡೆ. ಹಾಕಿದ ದುಡ್ಡು ವಾಪಸ್ ಬರಲ್ಲ ಸಾರ್ ಅಂದೆ. ಕೇಳಲಿಲ್ಲ."

"ಬ್ರೋಕರ್ ನಾಗೇಂದ್ರ ಹೇಳಿದ್ದು" ಎಂದ ಶಿವಕಿರಣ್ ಥಟ್ಟನೆ. "ವಾಸ್ತು ಸರಿಯಿಲ್ಲ, ಬಾಗಿಲು ಬದಲಾಯಿಸಿದ್ರೆ ಒಳ್ಳೆ ರೇಟು ಬರುತ್ತೆ ಅಂದ."

ಅನಂತಲಕ್ಷ್ಮಿ ನಾಗೇಂದ್ರನ ನಂಬರು ಕೇಳಿ, ಎಲ್ಲರಿಗೂ ಕೇಳುವಂತೆ ಫೋನ್ ಹಚ್ಚಿದರು.

"ಬಾಗಿಲಾ? ನಾನ್ಯಾಕೆ ಹೇಳ್ಲಿ ಮೇಡಂ!" ನಾಗೇಂದ್ರ ನಕ್ಕ. "ಸುಣ್ಣ ಬಳಿಸೋದೂ ವೇಸ್ಟು ಅಂದಿದ್ದೆ. ಪಾರ್ಟಿ ತಗೊಳ್ಳೋದು ಸೈಟಿಗೋಸ್ಕರ. ಮನೆ ಒಡೆದು ನಾಲ್ಕು ಫ್ಲೋರ್ ಎಬ್ಬಿಸ್ತಾರೆ. ಕಿರಣ್ ಸಾರ್‌ಗೆ ಗೊತ್ತಲ್ಲ?"

ಶಿವರಂಜನಿ ಅಣ್ಣನನ್ನೇ ನೋಡುತ್ತಿದ್ದಳು.

"ಏನು ನೋಡ್ತೀಯ?" ಅವನು ಸಿಡಿದ. "ಪುತ್ತಳಿ ಬೇಕಾಗಿದ್ದು ನಿಂಗೆ ತಾನೆ? ನೀನೇ ಮೊದಲೇ ತೆಗ್ದು—"

"ಥೂ! ನಾಚಿಕೆ ಆಗಲ್ವೇನೋ ನಿಂಗೆ?"

"ಜಗಳ ಆಮೇಲೆ" ಎಂದು ಅನಂತಲಕ್ಷ್ಮಿ ಎದ್ದರು. ಬಾಗಿಲ ಬಳಿ ಅಂಜಿನಯ್ಯ ಕಲ್ಲಿನ ಕೆಳಗಿನದನ್ನು ಕೆರೆದು ತುಂಬಿಟ್ಟಿದ್ದ ಬಾಂಡ್ಲಿಯಿಂದ ಗಾರೆಯ ಒಂದು ಹೆಂಟೆ ಎತ್ತಿಕೊಂಡರು. ಗೋಡೆಯ ಬುಡದಿಂದ ಇನ್ನೊಂದು ಚೂರು ಕೆರೆದರು. ಎರಡನ್ನೂ ನನ್ನ ಅಂಗೈಗೆ ಹಾಕಿದರು.

"ಕಣ್ಣು ಬಿಟ್ಟು ನೋಡಿ ಹೇಳು."

ಗೋಡೆಯದು ಕಂದು ಬಣ್ಣ. ದುಂಡು ಕಾಳು, ಅಲ್ಲಲ್ಲಿ ಬಿಳಿ ಚಿಪ್ಪಿನ ಚೂರು. ಹೊಳೆ ಮರಳು. ಕಲ್ಲಿನ ಕೆಳಗಿನದು ಬೂದಿ ಬಣ್ಣ, ಕೈಗೆ ಚುಚ್ಚುವಂಥ ಕಾಳು. ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್.

ಎರಡನ್ನೂ ಬೆರಳಲ್ಲಿ ಮತ್ತೊಮ್ಮೆ ಉಜ್ಜಿ ನೋಡಿದೆ.

"ಈ ಮನೆ ಕಟ್ಟಿದಾಗ ಎಂ-ಸ್ಯಾಂಡ್ ಎಲ್ಲಿತ್ತು ಮೇಡಂ? ಅದು ಬಂದಿದ್ದು ಈಚೆಗೆ. ಈ ಕಲ್ಲನ್ನ ಯಾರೋ ಮೊದಲೇ ಒಂದ್ಸಲ ಎಬ್ಬಿಸಿ ವಾಪಸ್ ಕೂರಿಸಿದಾರೆ."

"ಒಣಗಿ ಕಲ್ಲಾಗಿದೆ. ನಿನ್ನೆ ಮೊನ್ನೆದಲ್ಲ. ಹಂಗಾದ್ರೆ ಯಾವಾಗ?" ಬಾಂಡ್ಲಿಯೊಳಗೆ ಕೈ ಆಡಿಸಿ ಅವರು ಒಂದು ತುಂಡು ತೆಗೆದರು. ಮಟ್ಟ ಸರಿಮಾಡಲು ಕಲ್ಲಿನ ಕೆಳಗೆ ಕೊಟ್ಟಿದ್ದ ಟೈಲ್ಸ್ ಚೂರು. ನೀಲಿ ಹೂವಿನದು. "ಗಿರಿಜಮ್ಮ, ಇದು ನಿಮ್ಮ ಮಹಡಿ ಮೇಲಿನ ಬಚ್ಚಲಮನೆದಲ್ವಾ?"

"ಹೌದು..."

"ಅದನ್ನ ಯಾವಾಗ ಹಾಕಿಸಿದ್ದು?"

"ಏಳು ವರ್ಷ ಆಯ್ತು. ರಂಜನಿ ಅತ್ತೆ ಅವಳನ್ನ ಇಲ್ಲಿಗೆ ಕಳಿಸಲಿಲ್ಲ ಅಂತ ಬಾಣಂತನಕ್ಕೆ ನಾನೇ ದಾವಣಗೆರೆಗೆ ಹೋಗಿದ್ದೆ. ಮೂರು ತಿಂಗಳು. ಬರೋಷ್ಟರಲ್ಲಿ ಕಿರಣ ಹಾಕಿಸಿದ್ದ. ಅಮ್ಮಂಗೆ ಸರ್‌ಪ್ರೈಸ್ ಅಂದ."

"ಆ ಮೂರು ತಿಂಗಳು ಮನೇಲಿ ಯಾರ್ಯಾರಿದ್ರು?"

ಗಿರಿಜಾದೇವಿ ಮಗನ ಕಡೆ ತಿರುಗಿದರು.

ಅನಂತಲಕ್ಷ್ಮಿಯೇ ಹೇಳಿದರು. "ಬಚ್ಚಲಿಗೆ ಬಂದ ಗಾರೆಯವನ ಕೈಲೇ ನೀನು ಕಲ್ಲು ಎಬ್ಬಿಸಿದೆ, ಪುತ್ತಳಿ ತೆಗೆದು ವಾಪಸ್ ಕೂರಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಈಗ ಅಮ್ಮ ಪುತ್ತಳಿ ಕೇಳಿದ್ರು. ಕಲ್ಲು ಏಳಲೇಬೇಕು. ಎದ್ರೆ ಡಬ್ಬಿ ಖಾಲಿ. ಅದಕ್ಕೇ ಒಡೆದು ಹೋಗೋ ಮನೆಗೆ ತೇಗದ ಬಾಗಿಲು ಬೇಕಾಯ್ತು. ಕಲ್ಲು ಎಬ್ಬಿಸೋವಾಗ ಅಮ್ಮ ಎದುರಿಗೆ ಇರಬಾರದು, ಹೊರಗಿನೋನೊಬ್ಬ ಒಂಟಿಯಾಗಿರ್ಬೇಕು. ಕದ್ದವನು ಅಂತ ತೋರಿಸೋಕೆ. ಅಲ್ವಾ ಕಿರಣ?"

ಶಿವಕಿರಣ್ ಸೋಫಾದ ತುದಿಯಲ್ಲಿ ಕೂತ. "ಜಿಮ್ ಹಾಕೋಣ ಅಂತ ಮಾರ್ಬಿಟ್ಟೆ... ನಡೀಲಿಲ್ಲ. ವಾಪಸ್ ಮಾಡಿಸಿ ಇಡೋಣ ಅಂತಿದ್ದೆ ಅಮ್ಮ."

"ನನ್ನನ್ನ ಅಮ್ಮ ಅನ್ಬೇಡ" ಎಂದರು ಗಿರಿಜಾದೇವಿ. ಅವರು ಅಳಲಿಲ್ಲ. ಖಾಲಿ ಡಬ್ಬಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

ಅನಂತಲಕ್ಷ್ಮಿ ಅಂಜಿನಯ್ಯನನ್ನು ಕೇಳಿದರು. "ಮರಳು ಬೇರೆ ಅಂತ ನಿಂಗೆ ಆಗಲೇ ಗೊತ್ತಾಗಿರ್ಬೇಕಲ್ಲಪ್ಪ?"

"ಹಾರೆ ಹಾಕಿದಾಗಲೇ ಗೊತ್ತಾಯ್ತಮ್ಮ. ಹೇಳೋಕೆ ಬಾಯಿ ತೆಗೆದೆ."

ಅವನು ನನ್ನ ಕಡೆ ನೋಡಲಿಲ್ಲ. ನನಗೆ ಗೋಡೆ ಗುದ್ದಬೇಕೆನ್ನಿಸಿತು. ಆ ಬಾಂಡ್ಲಿ ಎರಡು ಗಂಟೆಯಿಂದ ನನ್ನ ಕಾಲ ಬಳಿಯೇ ಇತ್ತು. ಮೂವತ್ತು ವರ್ಷ ಮರಳು ಜರಡಿ ಹಿಡಿದವನು ನಾನು.

"ತಪ್ಪಾಯ್ತಪ್ಪ ಅಂಜಿನಯ್ಯ" ಎಂದು ಗಿರಿಜಾದೇವಿ ಕೈ ಮುಗಿದರು.

"ಬಿಡಿ ತಾಯಿ. ದೊಡ್ಡೋರು ಕೈ ಮುಗೀಬಾರ್ದು." ಅವನು ಬಗ್ಗಿ ನೆಲದ ಮೇಲಿದ್ದ ಸಾಮಾನನ್ನೆಲ್ಲ ಆಯ್ದುಕೊಂಡು ಹೊರಗೆ ನಡೆದ.

ಗೇಟಿನ ಹತ್ತಿರ ಅವನನ್ನು ಹಿಡಿದೆ.

"ಗಾಡೀಲಿ ಉಲ್ಲಾಳದ ನಿನ್ನ ಮನೆಗೆ ಬಿಡ್ತೀನಿ, ಹತ್ತು."

"ಬೇಡ. ಬಸ್ಸಿದೆ."

"ಏಯ್, ಕೋಪದಲ್ಲಿ ಏನೋ ಆಗೋಯ್ತು ಕಣೋ. ನೀನು ಕದ್ದಿಲ್ಲ ಅಂತ ತೋರಿಸೋಕೇ ತಾನೆ ನಾನು ಹಂಗೆ ಮಾಡಿದ್ದು?"

"ಆ ಹುಡುಗ ಕಳ್ಳ ಅಂದ. ಅನ್ಲಿ. ಅವನು ನನ್ನ ಕಂಡು ಮೂರು ದಿನ ಆಗಿಲ್ಲ." ಅಂಜಿನಯ್ಯ ನಿಂತ. "ನೀನು ಒಂದು ಮಾತು ಕೇಳ್ಬೋದಿತ್ತು ಮುನಿಯಣ್ಣ. ತಗೊಂಡಿದೀಯೇನೋ ಅಂತ. ಇಲ್ಲ ಅಂತಿದ್ದೆ."

"ನಾಳೆ ಎಂಟಕ್ಕೆ ರಾಜಾಜಿನಗರದ ಕೆಲಸ ಇದೆ. ಬರ್ತೀಯ ತಾನೆ?"

ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಬಸ್ ಸ್ಟಾಪಿನ ಕಡೆ ನಡೆದ. ನಾನು ಎರಡು ಸಲ ಕೂಗಿದೆ. ಬೀದಿಯ ಜನ ತಿರುಗಿ ನೋಡಿದರು, ಅವನು ನೋಡಲಿಲ್ಲ.

ಮರುದಿನ ಹತ್ತು ಗಂಟೆಯವರೆಗೆ ರಾಜಾಜಿನಗರದಲ್ಲಿ ಕಾದೆ. ಅದರ ಮರುದಿನವೂ ಕಾದೆ. ಅಂಜಿನಯ್ಯ ಬರಲಿಲ್ಲ.