ಕೆಟ್ಟ ಸುದ್ದಿಯ ಹುಡುಗ

“ಎರಡು ಕಿಲೋಮೀಟರ್ ಅಂದಿದ್ದಿ!”

ಗೋಕಾಕದ ಗುರಿಗೆರೆ ದಾಟಿದ ಪಾರವ್ವ ಸೈಕಲ್ ಬಿಸಾಕಿ, ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಸಿದ್ರಾಯನ ಎದೆಗೆ ಗುರಿಯಿಟ್ಟು ಒಗೆದಳು.

“ಆರಿತ್ತು! ಆರು!”

ಬೈಕ್ ಮೇಲೆ ಕುಳಿತಿದ್ದ ಸಿದ್ರಾಯ ತನ್ನ ಒದ್ದೆ ಅಂಗಿ ನೋಡಿಕೊಂಡ. “ಎಲ್ಲಾರೂ ಹಂಗ ಹೇಳ್ತಾರ್ರಿ... ಹುರುಪು ಬರ್ಲಿ ಅಂತ...”

“ನಿನ್ನ ಹುರುಪಿಗಿಷ್ಟು ಬೆಂಕಿ ಹಚ್ಚಲಿ!”

ಈ ಕಡೆಯ ಸೈಕಲ್ ಶರ್ಯತ್ತುಗಳಲ್ಲಿ ಪ್ರತಿ ಸ್ಪರ್ಧಿಯ ಬಾಜೂ ಬೈಕಿನಲ್ಲಿ ಒಬ್ಬ ಬರುತ್ತಾನೆ. ನೀರು ಕೊಡುವುದು ಅವನ ಕೆಲಸ, ಸುಳ್ಳು ಹೇಳುವುದು ಅವನ ಧರ್ಮ. ‘ಬಂತು, ಬಂತು, ಇನ್ನೆರಡ!’ ಎಂದು ಒದರುತ್ತಾನೆ. ತಲೆ ತಗ್ಗಿಸಿ ತುಳಿಯುವವರಿಗೆ ರಸ್ತೆಬದಿಯ ಕಿಲೋಮೀಟರ್ ಕಲ್ಲು ಕಾಣುವುದಿಲ್ಲ. ಅನುಭವಸ್ಥರು ಎರಡನ್ನು ಐದೋ ಆರೋ ಮಾಡಿಕೊಂಡು ತುಳಿಯುತ್ತಾರೆ.

ಇದೆಲ್ಲ ಪಾರವ್ವನಿಗೂ ಗೊತ್ತಿತ್ತು. ಆದರೂ ನಂಬಿದ್ದಳು!

ತಪ್ಪು ಆದದ್ದು ಬೆಳಿಗ್ಗೆ, ಶರ್ಯತ್ತು ಶುರುವಾದ ಹುಕ್ಕೇರಿಯಲ್ಲಿ. ಅವಳ ಜೊತೆ ಬರಬೇಕಿದ್ದ ಚಿಕ್ಕಪ್ಪನ ಮಗ ಯಲ್ಲಾರಿಯ ಬೈಕ್ ಕೆಟ್ಟಿತ್ತು. ತರಬೇತುದಾರ ಕಿಶೋರ ಸರ್ ಇವನನ್ನು ಕರೆತಂದು, “ಇಂವ ಸಿದ್ರಾಯ. ಹಿಡಕಲ್ ಡ್ಯಾಮಿನಾಗ ನೀರಿನ ಮಟ್ಟ ಬರ್ಕೊಳ್ಳಾವ. ಒಂದ ಇಂಚೂ ತಪ್ಪಂಗಿಲ್ಲ” ಎಂದಿದ್ದರು.

ಅಷ್ಟಕ್ಕೇ ನಂಬಿಬಿಟ್ಟಿದ್ದಳು. ಇನ್ನೆರಡೇ ಎಂದು ಮೈಯಲ್ಲಿದ್ದ ಬಲವನ್ನೆಲ್ಲ ಸುರಿದಳು. ಎರಡು ಮುಗಿದಾಗ ಊರು ಬರಲಿಲ್ಲ, ಮೀನಖಂಡ ಹಿಡಿದುಕೊಂಡಿತು. ಎರಡನೆಯವಳಾಗಿದ್ದವಳು ಒಂಬತ್ತನೆಯವಳಾದಳು.

ಮೊದಲ ಮೂವರಿಗೆ ಮಾತ್ರ ಜಿಲ್ಲಾ ತಂಡ. ಇನ್ನುಳಿದದ್ದು ಒಂದೇ ಶರ್ಯತ್ತು, ಬರುವ ತಿಂಗಳು ಗೋಕಾಕದಿಂದ ಮೂಡಲಗಿಗೆ. ಅದೂ ತಪ್ಪಿದರೆ ಅವಳ ವಯಸ್ಸಿನ ಮಿತಿ ಮುಗಿಯುತ್ತಿತ್ತು.

‘ಡ್ಯಾಮಿನ ನೀರಿಗೆ ಒಂದಿಂಚು ಸುಳ್ಳು ಹೇಳದವನು ನನಗೆ ನಾಲ್ಕು ಕಿಲೋಮೀಟರ್ ಸುಳ್ಳು ಹೇಳಿದ. ನೀರಿಗಿರುವ ಬೆಲೆ ನನಗಿಲ್ಲ!’

ಮರುದಿನದಿಂದ ಅವಳ ಮೊಬೈಲಿಗೆ ಸಿದ್ರಾಯನ ಸಂದೇಶಗಳು ಶುರುವಾದವು. ಸೂರ್ಯೋದಯದ ಚಿತ್ರ, ಕೆಳಗೆ ‘ಸೋಲೇ ಗೆಲುವಿನ ಮೆಟ್ಟಿಲು’. ಮರುದಿನ ಸಿಂಹ. ಅದರ ಮರುದಿನ ಹದ್ದು.

ನಾಲ್ಕನೆಯ ದಿನ ಅವಳು ಬರೆದಳು: “ನಾ ಮುಂಜಾನೆ ನಾಕಕ್ಕೆದ್ದು ಮೂರು ಎಮ್ಮಿ ಹಿಂಡ್ತೀನಿ. ಯಾವ ಸಿಂಹನೂ ಬಂದು ಸಗಣಿ ಬಳದಿಲ್ಲ.”

ಸಿಂಹ ಅಲ್ಲಿಗೆ ನಿಂತಿತು.

ಆ ವಾರ ಕಿಶೋರ ಸರ್ ಕೌಜಲಗಿಯ ಮೈದಾನಕ್ಕೆ ವಿಶಾಲ ಎಂಬ ಭಾಷಣಕಾರನನ್ನು ಕರೆಸಿದ್ದರು. ಎ.ಸಿ. ಕಾರಿನಿಂದ ಇಳಿದ ಆತ, “ನೋವು ಬರೀ ಮನಸ್ಸಿನ ಭ್ರಮೆ! ಹೇಳಿ, ನಾನು ಗೆಲ್ಲುತ್ತೇನೆ!” ಎಂದು ಕೂಗಿಸಿದ. ಮೂವತ್ತು ಹುಡುಗಿಯರು ಗೆಲ್ಲುತ್ತೇನೆ ಎಂದು ಕೂಗಿದರು. ಮೂವತ್ತೂ ಜನ ಹೇಗೆ ಗೆಲ್ಲುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ.

ಪಾರವ್ವ ಎದ್ದು ಹೊರಗೆ ಬಂದಳು. ಗೇಟಿನ ಬಳಿ ಸಿದ್ರಾಯ ನಿಂತಿದ್ದ.

“ಮುಂದಿನ ಶರ್ಯತ್ತಿಗೆ ನಾ ಬರ್ಲೇನ್ರಿ? ಈ ಸಲ ಖರೇ ಹೇಳ್ತೀನಿ.”

“ಯಲ್ಲಾರಿ ಬೈಕ್ ರಿಪೇರಿ ಆಗೈತಿ.”

“ಅವನೂ ಸುಳ್ಳ ಹೇಳ್ತಾನಲ್ರಿ?”

“ಹೇಳ್ಲಿ. ಅವನ ಮಾತ ನಾ ಎಂದೂ ನಂಬಿಲ್ಲ. ನಿನ್ನ ನಂಬಿದ್ದೆ.”

ಅಂದ ಮೇಲೆ ಅವಳಿಗೇ ಸಿಟ್ಟು ಬಂತು. ಅವನ ಮೇಲೋ, ತನ್ನ ಮೇಲೋ... ತಿಳಿಯಲಿಲ್ಲ.

ಶರ್ಯತ್ತಿನ ದಿನ ಗೋಕಾಕ ಬಿಟ್ಟ ಹುಡುಗಿಯರಲ್ಲಿ ಅರ್ಧ ದಾರಿ ಕಳೆದ ಮೇಲೆ ಏಳು ಜನ ಮುಂದಿದ್ದರು. ಪಾರವ್ವ ಆ ಗುಂಪಿನಲ್ಲಿದ್ದಳು. ತೊಡೆ ಉರಿಯುತ್ತಿತ್ತು. ಭ್ರಮೆಯಲ್ಲ, ಅಪ್ಪಟ ಉರಿ.

“ಬಂತವ್ವಾ, ಬಂತು! ಇನ್ನ ಮೂರ! ಹೊಡಿ!” ಯಲ್ಲಾರಿ ಹಾರ್ನ್ ಬಾರಿಸಿದ. ಉಳಿದ ಬೈಕುಗಳೂ ಅದನ್ನೇ ಒದರಿದವು. ನಾಲ್ವರು ಹುಡುಗಿಯರು ಸೀಟಿನಿಂದ ಎದ್ದು ಬಾಣದಂತೆ ಮುಂದೆ ಹೋದರು.

ಪಾರವ್ವನೂ ಸೀಟಿನಿಂದ ಎದ್ದಳು. ನಾಲ್ವರು ಹೋದರೆ ಮೂರರೊಳಗೆ ಜಾಗವೆಲ್ಲಿ?

ಅಷ್ಟರಲ್ಲಿ ಕಬ್ಬಿನ ಹೊಲದ ಬದುವಿನ ಮೇಲೆ ನಿಂತಿದ್ದವನೊಬ್ಬ ಗಂಟಲು ಹರಿಯುವಂತೆ ಕೂಗಿದ.

“ಪಾರವ್ವಾ! ಇನ್ನ ಒಂಬತ್ತೈತಿ! ಮುಂದ ಏರು ಐತಿ, ಎದುರುಗಾಳಿ ಐತಿ! ಭಾಳ ತ್ರಾಸ ಐತಿ!”

ಸಿದ್ರಾಯ! ಜಗತ್ತಿನಲ್ಲಿ ಯಾರಾದರೂ ಹೀಗೆ ಹುರಿದುಂಬಿಸುತ್ತಾರೆಯೇ?

“ಆ ಹುಚ್ಚನ ಮಾತ ಕೇಳಬ್ಯಾಡ!” ಯಲ್ಲಾರಿ ರೇಗಿದ.

ಸಿದ್ರಾಯನನ್ನು ನಂಬಿ ಒಮ್ಮೆ ಕೆಟ್ಟಿದ್ದಾಳೆ. ಮತ್ತೆ ನಂಬಬೇಕೇ? ಆದರೆ... ಖುಷಿಪಡಿಸಲು ಸುಳ್ಳು ಹೇಳುವವರು ಊರ ತುಂಬ ಇದ್ದಾರೆ. ಬೈಸಿಕೊಳ್ಳುವಂಥ ಸುದ್ದಿಯನ್ನು ಯಾರು ಸುಳ್ಳೇ ಹೇಳುತ್ತಾರೆ?

ಅವಳು ಮತ್ತೆ ಸೀಟಿನ ಮೇಲೆ ಕುಳಿತಳು. ನಾಲ್ವರನ್ನು ಹೋಗಲು ಬಿಟ್ಟಳು. ಒಂಬತ್ತು ಎಂದರೆ ಒಂಬತ್ತು. ಒಂದೊಂದಾಗಿ ತುಳಿದಳು.

ಏರಿನಲ್ಲಿ ಆ ನಾಲ್ವರಲ್ಲಿ ಒಬ್ಬಳು ಸಿಕ್ಕಳು, ಕಾಲು ಹಿಡಿದುಕೊಂಡು ರಸ್ತೆಬದಿಗೆ ಕುಳಿತಿದ್ದಳು. ಎದುರುಗಾಳಿಯಲ್ಲಿ ಇನ್ನೊಬ್ಬಳು ಸಿಕ್ಕಳು, ಅಳುತ್ತ ತುಳಿಯುತ್ತಿದ್ದಳು. ಪಾರವ್ವನಿಗೆ ಕನಿಕರವಾಗಲಿಲ್ಲ, ಪುರಸೊತ್ತಿರಲಿಲ್ಲ.

ಮೂಡಲಗಿಯಲ್ಲಿ ಅವಳು ಮೂರನೆಯವಳಾಗಿ ಗೆರೆ ದಾಟಿದಳು.

ಯಲ್ಲಾರಿ ಕುಣಿದ. “ನಾ ಹುರುಪ ಕೊಟ್ಟಿದ್ದಕ್ಕ ಬಂತು ನೋಡ್ರಿ!” ವಿಶಾಲ ಅವಳ ಜೊತೆ ಫೋಟೋ ತೆಗೆಸಿಕೊಳ್ಳಲು ಹೆಗಲಿಗೆ ಕೈಯಿಡಲು ಬಂದ. ಅವಳು ಸೈಕಲ್ ಅಡ್ಡ ಹಿಡಿದು ದಾಟಿ ನಡೆದಳು.

ಜನರ ಹಿಂದೆ ಸಿದ್ರಾಯ ನಿಂತಿದ್ದ.

“ಏನಾರ ಹೇಳೂದೈತೇನು?” ಅವಳು ಗದರಿದಳು. “ಸಿಂಹಗಿಂಹ ತಂದ್ರ ಒದೀತೀನಿ.”

“ಐತ್ರಿ.” ಅವನು ಒಂದು ಹೆಜ್ಜೆ ಮುಂದೆ ಬಂದ. “ನೀವಂದ್ರ ನನಗ ಜೀವ. ಆದ್ರ... ಡ್ಯಾಮಿನ ಕ್ವಾರ್ಟರ್ಸ್ ಮಳಿಗಾಲದಾಗ ಸೋರ್ತೈತಿ. ನಮ್ಮವ್ವನ ಬಾಯಿ ಭಾಳ ಜೋರ. ನಾ ಗೊರಕಿ ಹೊಡೀತೀನಿ. ಮುಂಜಾನೆ ನಾಕಕ್ಕ ನಿಮ್ಮ ಜೋಡಿ ಏಳೂದು ನನ್ನ ಕಡಿಂದ ಆಗೂದಿಲ್ಲ.”

“ಮತ್ತ ನಿನ್ನ ಕಡಿಂದ ಆಗೂದೇನೈತಿ?”

“ಏಳಕ್ಕೆದ್ದು ಚಾ ಮಾಡ್ತೀನಿ. ಅದೂ ಒಮ್ಮೊಮ್ಮಿ ಹೊತ್ತತೈತಿ.”

ಪಾರವ್ವ ನಗಬಾರದೆಂದು ತುಟಿ ಕಚ್ಚಿದಳು. ಆಗಲಿಲ್ಲ! ಇಷ್ಟು ದರಿದ್ರ ಪ್ರೇಮನಿವೇದನೆಯನ್ನು ಅವಳು ಎಲ್ಲೂ ಕೇಳಿರಲಿಲ್ಲ. ಅದರಲ್ಲಿ ಸುಳ್ಳೆಂದು ತೆಗೆದುಹಾಕಬೇಕಾದ ಒಂದು ಮಾತೂ ಇರಲಿಲ್ಲ.

“ಸಿದ್ರಾಯ...”

“ಹ್ಞೂಂ?”

“ಸೈಕಲ್ ಹಿಡಿ. ಕಾಲು ನಡಗಾಕತ್ತಾವ. ನಿಲ್ಲಾಕ ಆಗವಲ್ದು.”

ಇಂಥ ಮಾತನ್ನು ಅವಳು ಅಪ್ಪನ ಮುಂದೆ ಹೇಳಿದವಳಲ್ಲ, ಅವ್ವನ ಮುಂದೂ ಹೇಳಿದವಳಲ್ಲ.

ಅವನು ಒಂದು ಕೈಯಲ್ಲಿ ಸೈಕಲ್ ಹಿಡಿದ. ಇನ್ನೊಂದು ಕೈ ಚಾಚಿ, ಅವಳಾಗಿ ಹಿಡಿಯಲಿ ಎಂದು ಸುಮ್ಮನೆ ನಿಂತ.

ಅವಳು ಹಿಡಿದಳು.

“ಮಂದಿ ನೋಡಾಕತ್ತಾರ್ರಿ,” ಅವನು ಪಿಸುಗುಟ್ಟಿದ.

“ನೋಡ್ಲಿ. ಅವರಿಗೇನ್ ಕೆಲಸೈತಿ.”