ಮೂರು ಬಿಳಿ ಚುಕ್ಕೆ

ಲಾಠಿ ನನ್ನ ಬೆರಳಿನಿಂದ ಒಂದೇ ಇಂಚು ಆಚೆ ಕಂಬಿಗೆ ಬಡಿಯಿತು!

ಕಂಬಿ ಗಂಟೆಯ ಹಾಗೆ ಮೊಳಗಿತು. ನಾನು ಕೈ ಕಿತ್ತುಕೊಂಡು ಮೆಟ್ಟಿಲು ಹತ್ತಿ ಓಡಿದೆ.

"ಏಯ್ ಟ್ರೆಂಬತ್! ಆ ಡಿಸ್ಕ್ ಕೊಟ್ಬಿಡು! ಎರಡು ಕಾಲಲ್ಲೂ ನಡ್ಕೊಂಡು ಮನೆಗೆ ಹೋಗ್ತೀಯ!"

ಅರ್ನಿ ಲಾಂಪಿ. ಆಸ್ಪತ್ರೆಯ ಸೆಕ್ಯುರಿಟಿ ಮುಖ್ಯಸ್ಥ. ಆರಡಿ ನಾಲ್ಕಿಂಚು. ಡಾಕ್ಟರ್ ವಿಂಡಮ್ ಬೊಟ್ಟು ಮಾಡಿ ತೋರಿಸಿದರೆ ಸಾಕು, ಯಾರನ್ನಾದರೂ ಹಿಂಡಿಹಾಕುವ ಆಸಾಮಿ.

ನಾನು ಇನ್ಶೂರೆನ್ಸ್ ಕಂಪನಿಯ ತನಿಖೆಗಾರ. ಡಿಸ್ಕ್ ನನ್ನ ಜೇಬಿನಲ್ಲಿತ್ತು. ಬೆಳಿಗ್ಗೆ ಹತ್ತೂವರೆ. ಹನ್ನೊಂದಕ್ಕೆ ಎರಡನೇ ಮಹಡಿಯ ಥಿಯೇಟರಿನಲ್ಲಿ ವರ್ನಾ ಟುವೊಮಿನೆನ್ ಎಂಬ ಹೆಂಗಸಿನ ಎದೆಮೂಳೆಗೆ ಗರಗಸ ಇಡುವವರಿದ್ದರು. ಸ್ಕೂಲ್ ಬಸ್ ಓಡಿಸುವವಳು. ಬೈಪಾಸ್ ಆಪರೇಷನ್.

ಅವಳ ಹೃದಯಕ್ಕೆ ಏನೂ ಆಗಿರಲಿಲ್ಲ!

ಹೇಗೆ ಗೊತ್ತಾಯಿತು ಅಂತೀರಾ? ಕೇಳಿ.

ನಮ್ಮ ಊರಿನಲ್ಲಿ ಆಂಜಿಯೋಗ್ರಾಂ ಮಾಡುವವನು ವಿಂಡಮ್. ಫಿಲಂ ನೋಡಿ ತೀರ್ಪು ಕೊಡುವವನೂ ವಿಂಡಮ್. ಎದೆ ತೆರೆಯುವವನೂ ಅವನೇ. ಎರಡು ತಿಂಗಳಲ್ಲಿ ಮೂವರಿಗೆ ಬೈಪಾಸ್ ಆಗಲೇಬೇಕು ಎಂದು ಬರೆದಿದ್ದ. ಇಬ್ಬರ ಎದೆ ಆಗಲೇ ತೆರೆದು ಮುಚ್ಚಿಯಾಗಿತ್ತು. ಮೂರನೆಯವಳು ವರ್ನಾ. ಮೂವರ ಫಿಲಂಗಳನ್ನೂ ಒಂದೇ ಡಿಸ್ಕಿಗೆ ಹಾಕಿಸಿಕೊಂಡು ನೋಡಿದೆ. ನಾನು ಡಾಕ್ಟರಲ್ಲ. ನನ್ನ ಕಣ್ಣನ್ನು ನಾನೇ ಪೂರ್ತಿ ನಂಬುವವನೂ ಅಲ್ಲ. ನಾಲ್ಕು ಸಲ ನೋಡಿದೆ.

ಮೂರು ಫಿಲಂಗಳಲ್ಲೂ ಹೃದಯದ ಪಕ್ಕ ಮೂರು ಬಿಳಿ ಚುಕ್ಕೆ. ಅದೇ ಜಾಗ. ಅದೇ ಗಾತ್ರ.

ಬಾತುಕೋಳಿ ಹೊಡೆಯುವ ಬಂದೂಕಿನ ಚರೆ, ಸಣ್ಣ ಸೀಸದ ಗುಂಡು!

ಆವತ್ತು ಬೆಳಿಗ್ಗೆ ವರ್ನಾಳ ಮಂಚದ ಪಕ್ಕ ಕೂತು ಕೇಳಿದೆ.

"ನಿಮಗೆ ಯಾವತ್ತಾದ್ರೂ ಗುಂಡು ತಗಲಿತ್ತಾ, ಮೇಡಂ?"

"ನನ್ನ ಗಂಡನ ಬಾಯಿಂದ ಬಿದ್ದಿದ್ದು ಬಿಟ್ರೆ ಇನ್ಯಾವ್ದೂ ಇಲ್ಲ ಕಣಪ್ಪ!"

ಯಾವನದೋ ಒಬ್ಬನ ಹೃದಯದ ಫಿಲಂ ತೋರಿಸಿ ಇದು ನಿಮ್ಮದೇ ಎಂದು ಮೂವರಿಗೂ ಹೇಳಿದ್ದ ವಿಂಡಮ್. ಎದ್ದು ಮನೆಗೆ ಹೋಗಿ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನರ್ಸ್ ಕೊಟ್ಟಿದ್ದ ಮಂಪರಿನ ಇಂಜೆಕ್ಷನ್‌ಗೆ ಅವಳ ಕಣ್ಣು ಮುಚ್ಚಿದವು. ತಿರುಗಿ ನೋಡಿದರೆ ಬಾಗಿಲಲ್ಲಿ ಅರ್ನಿ...

ಹಾಗೆ ಶುರುವಾದ ಓಟ ತಾರಸಿಗೆ ಬಂದು ನಿಂತಿತು.

ಮುಂದೆ ದಾರಿಯಿಲ್ಲ. ಸರೋವರದ ಕಡೆಯಿಂದ ಹಿಮ ಅಡ್ಡಡ್ಡ ಬೀಸುತ್ತಿತ್ತು. ಕೆಳಗೆ ಆರು ಮಹಡಿ.

ಅರ್ನಿ ಬಾಗಿಲಲ್ಲಿ ಕಾಣಿಸಿಕೊಂಡ. ಆ ಚಳಿಯಲ್ಲೂ ಅವನ ಮುಖದಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಮುಗೀತು... ಕಣೋ... ಡಿಸ್ಕ್!"

"ಎಡಗೈ ಯಾಕೆ ಹಿಚುಕಿಕೊಳ್ತಿದ್ದೀಯ?"

"ನಿನ್ನಂಥ ಮೊಲದ ಹಿಂದೆ ಓಡಿ ಉಳುಕಿದೆ! ಕೊಡ್ತೀಯೋ, ಕೆಳಗೆ ಎಸೀಲೋ?"

ಲಾಠಿ ಎತ್ತಿದ. ಅವನ ತುಟಿ ನೀಲಿಗಟ್ಟಿದ್ದು ಆಗ ಕಂಡಿತು. ನನಗೆ ಒಮ್ಮೆಲೇ ಹೊಳೆಯಿತು... ಇರಲಾರದು ಅನ್ನಿಸಿತು... ಆದರೂ ಕೇಳಿಬಿಟ್ಟೆ.

"ಅರ್ನಿ, ನಿಂಗೆ ಯಾರಾದ್ರೂ ಗುಂಡು ಹೊಡೆದಿದ್ರಾ?"

ಲಾಠಿ ಗಾಳಿಯಲ್ಲೇ ನಿಂತಿತು.

"ನನ್ನ ಭಾಮೈದ. ಬಾತು ಬೇಟೇಲಿ. ಕುಡುಕ ನನ್ಮಗ! ಮೂರು ಚರೆ ಇನ್ನೂ ಒಳಗೇ ಇವೆ. ನಿಂಗ್ಯಾರು ಹೇಳಿದ್ರು?"

"ವಿಂಡಮ್ ನಿಂಗೂ ಆಂಜಿಯೋಗ್ರಾಂ ಮಾಡಿದ್ರಾ?"

"ಬೇಸಿಗೇಲಿ. ಎದೆ ಉರಿ ಅಂತ ಹೋಗಿದ್ದೆ. ನಿಂದು ಕುದುರೆ ಹೃದಯ, ಬರೀ ಅಸಿಡಿಟಿ ಅಂದ್ರು. ಮಾತ್ರೆ ಕೊಟ್ರು."

"ಆ ಫಿಲಂ ನನ್ನ ಜೇಬಲ್ಲಿದೆ ಅರ್ನಿ. ಮೂವರ ಹೆಸರಲ್ಲಿದೆ. ನಿನ್ನ ಹೆಸರಲ್ಲಿಲ್ಲ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನೂ ಆಗಷ್ಟೇ ಅರ್ಥ ಮಾಡಿಕೊಳ್ಳುತ್ತಿದ್ದೆ. ಕೆಟ್ಟ ಹೃದಯದ ಫಿಲಂ ಒಬ್ಬನ ಹೆಸರಿನಲ್ಲಿದ್ದರೆ ಒಂದೇ ಆಪರೇಷನ್. ಯಾರ ಹೆಸರಿನಲ್ಲೂ ಇಲ್ಲದಿದ್ದರೆ ಎಷ್ಟು ಬೇಕಾದರೂ ಆಪರೇಷನ್, ಎಷ್ಟು ಬೇಕಾದರೂ ಬಿಲ್! ಅದಕ್ಕೇ ಅರ್ನಿಗೆ ಚೆನ್ನಾಗಿದ್ದೀಯ ಎಂದಿದ್ದ ವಿಂಡಮ್. ತಿಂಗಳುಗಟ್ಟಲೆ ಅವನ ಸಾವನ್ನು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದ!

ಅರ್ನಿ ಹಿಮದ ಮೇಲೆ ಕುಸಿದು ಕೂತ. ವಾಕಿಟಾಕಿ ಬಾಯಿಗೆ ಹಿಡಿದ.

"ಥಿಯೇಟರ್... ಅರ್ನಿ ಮಾತಾಡ್ತಿರೋದು. ಆ ಹೆಂಗಸಿನ ಮೈಮೇಲೆ ಯಾರೂ ಕೈ ಇಡಬಾರದು. ಶೆರಿಫ್‌ನ ಕರೆಸಿ... ಮತ್ತೆ ಒಂದು ಸ್ಟ್ರೆಚರ್."

ಪಕ್ಕಕ್ಕೆ ಉರುಳಿದ.

ಹನ್ನೊಂದಕ್ಕೆ ಐದು ನಿಮಿಷ. ವರ್ನಾಳನ್ನು ಹೊರಕ್ಕೆ ತಳ್ಳಿಕೊಂಡು ಬಂದರು. ಅರ್ನಿಯನ್ನು ಒಳಕ್ಕೆ ಒಯ್ದರು. ಅರಿವಳಿಕೆಯ ಡಾಕ್ಟರ್ ಐರೀನ್ ಬ್ಯೋರ್ಕ್ ನನ್ನ ಡಿಸ್ಕ್ ಹಾಕಿ ನೋಡಿದಳು.

"ಎಡಗಡೆಯ ಮುಖ್ಯ ನಾಳವೇ ಕಟ್ಟಿದೆ. ಉಳಿದವೂ ಹಾಗೇ. ಇದು ಸ್ಟೆಂಟ್‌ಗೆ ಬಗ್ಗೋದಲ್ಲ. ಕಾಲಿನ ನಾಳ ತೆಗೆದು ಹೊಸ ದಾರಿ ಮಾಡ್ಲೇಬೇಕು. ಈಗಲೇ."

"ಹೆಲಿಕಾಪ್ಟರ್?"

"ಈ ಹಿಮದಲ್ಲಾ?"

"ಬೇರೆ ಸರ್ಜನ್?"

"ಇನ್ನೂರು ಮೈಲಿ ಆಚೆ. ಇವನ ಹತ್ರ ಅಷ್ಟು ಟೈಮಿಲ್ಲ."

ಎಲ್ಲರೂ ಗೋಡೆಯ ಪಕ್ಕ ನಿಂತಿದ್ದ ವಿಂಡಮ್ ಕಡೆಗೆ ತಿರುಗಿದರು. ಅವನ ಎರಡು ಪಕ್ಕಕ್ಕೂ ಶೆರಿಫ್‌ನ ಪೊಲೀಸರು.

ಅರ್ನಿ ಮಾಸ್ಕಿನೊಳಗಿಂದ ಗೊಣಗಿದ. "ಪೆನ್ನು ಕೊಡ್ರೀ... ಹೊಲಿಗೆ ಮಾತ್ರ ಚೆನ್ನಾಗಿ ಹಾಕ್ತಾನೆ, ಹಾಳಾದೋನು."

ಒಪ್ಪಿಗೆ ಪತ್ರಕ್ಕೆ ಸೊಟ್ಟಗೆ ಸಹಿ ಹಾಕಿದ.

ವಿಂಡಮ್ ನನ್ನ ಹತ್ತಿರ ಬಂದ. ದನಿ ತಗ್ಗಿಸಿದ.

"ಅವನು ಉಳಿದ್ರೆ ನನ್ನ ಮೇಲೆ ಸಾಕ್ಷಿ ಹೇಳ್ತಾನೆ."

"ಹೇಳ್ತಾನೆ."

"ನಾನು ಜೈಲಿಗೆ ಹೋಗ್ತೀನಿ."

"ಅವನು ಸತ್ರೂ ಜೈಲಿಗೇ ಡಾಕ್ಟ್ರೇ, ವರ್ಷ ಮಾತ್ರ ಜಾಸ್ತಿ... ಕೈ ತೊಳ್ಕೊಳ್ಳಿ!"