ತೋಪಿಗೆ ಕಟ್ಟಿದ ಕಂಕಣ

ಮಹಾನವಮಿಯ ಮಧ್ಯಾಹ್ನ. ಕುಮುದಗಿರಿ ರಾಜಧಾನಿಯಲ್ಲಿ ಮಾವಿನ ತೋರಣವಿಲ್ಲದ ಬಾಗಿಲು ಹುಡುಕಿದರೂ ಸಿಗದೆಂದು ಪುರಜನರು ಹೆಮ್ಮೆಪಡುವ ದಿನ. ಅಗಸರ ಗುಡಿಸಲಿಗೂ ಅಂದು ಹಸುರೆಲೆಯ ಸಿಂಗಾರ. ಕಹಳೆಗಳು ಮೊಳಗುತ್ತಿದ್ದವು. ಅರಮನೆಯ ಮಗ್ಗುಲ ಕೊತ್ತಳದ ಮೇಲೆ ಹತ್ತು ತೋಪುಗಳು ಕುಂಕುಮ, ಚೆಂಡುಹೂ ಧರಿಸಿ, ಕೊರಳಿಗೆ ಅರಿಸಿನದ ಕಂಕಣ ಕಟ್ಟಿಸಿಕೊಂಡು ಆಕಾಶವನ್ನು ದಿಟ್ಟಿಸುತ್ತಿದ್ದವು. ಪೂಜೆಗೊಂಡ ಆಯುಧದ ಕಂಕಣವನ್ನು ಮರುದಿನ, ವಿಜಯದಶಮಿಯಂದು, ಮಹಾರಾಜರೇ ಬಿಚ್ಚಬೇಕು; ಅಲ್ಲಿಯವರೆಗೆ ಆ ಆಯುಧವನ್ನು ಬಳಸುವಂತಿಲ್ಲ. ಬೇರೆಯವರು ಬಿಚ್ಚಿದರೆ ಕೈ ಕಡಿಯಬೇಕೆಂಬುದು ಆ ವಂಶದ ಕಟ್ಟಳೆ.

ಆಕಾಶಕ್ಕೆ ತೋಪು ಹೂಡುವ ವಿದ್ಯೆಯನ್ನು ಅಲ್ಲಿಗೆ ತಂದವನು ದಳವಾಯಿ ಲೋರೆನ್ಸ್ ಹಾರ್ಟ್‌ಮನ್, ಊರವರ ಬಾಯಲ್ಲಿ ಲೋರಪ್ಪ. ಜರ್ಮನ್ ದೇಶದಲ್ಲಿ ಗಂಟೆ ಎರಕ ಹೊಯ್ಯುವವನ ಮಗ. ಪರಂಗಿಯವರ ಹಡಗಿನಲ್ಲಿ ಗೋವೆಗೆ ಬಂದಿದ್ದ. ಶರಣಾದ ಬೆಸ್ತರ ಮೇಲೆ ಗುಂಡು ಹಾರಿಸೆಂದು ಕಪ್ತಾನ ಅಪ್ಪಣೆ ಕೊಟ್ಟಾಗ ಒಲ್ಲೆನೆಂದು ಕೆಲಸ ಬಿಸುಟು, ಕುಮುದಗಿರಿಯ ಹಿಂದಿನ ಮಹಾರಾಜರಲ್ಲಿ ತೋಪಿನ ಮದ್ದು ಅರೆಯುವ ಆಳಾಗಿ ಸೇರಿದ. ಮೂಡಲ ಗುಡ್ಡದಾಚೆಯ ಪಾಳೆಯಗಾರ ಆಳೆತ್ತರದ ಗಾಳಿಪಟಗಳಿಗೆ ಬೆಂಕಿಕುಡಿಕೆ ತೂಗಿಬಿಟ್ಟು ಊರಿನ ಕಣಜಗಳನ್ನು ಸುಡತೊಡಗಿದಾಗ, ತೋಪಿನ ಬಾಲವನ್ನು ಗುಂಡಿಗಿಳಿಸಿ, ಬಾಯಿಯನ್ನು ಮೇಲೆತ್ತಿ, ಚದುರಿ ಹಾರುವ ಚಿಲ್ಲುಗುಂಡು ತುಂಬಿ ಆ ಪಟಗಳನ್ನು ಹರಿದು ಕೆಡವಿದವನು ಈತನೇ. ಹದಿನೆಂಟು ವರ್ಷಗಳಲ್ಲಿ ಆಳು ದಳವಾಯಿಯಾದ. ಅರಮನೆಯಲ್ಲಿ ಹೊಟ್ಟೆಕಿಚ್ಚು ಹೊತ್ತಿಕೊಳ್ಳಲು ಇನ್ನೇನು ಬೇಕು?

ಅಂದಿನ ಒಡ್ಡೋಲಗದಲ್ಲಿ ಅರಸನ ಸೋದರಮಾವ, ಅರಮನೆಯ ಕಾವಲಿನ ಅಧಿಪತಿ ಕೆಂಚವೀರಪ್ಪ ಎದ್ದುನಿಂತ.

"ಮಹಾಪ್ರಭು, ಈ ಪರದೇಶಿ ವೈರಿಯ ಕಡೆಯವನು. ಕಳೆದ ಸಲ ಪಟ ಗುಡ್ಡದ ಮೇಲಿದ್ದರೆ ಇವನ ತೋಪಿನ ಬಾಯಿ ಅರಮನೆಯ ಗೋಪುರದ ಕಡೆ ಇತ್ತು. ಕಣ್ಣಾರೆ ಕಂಡಿದ್ದೇನೆ."

ಇಪ್ಪತ್ತರ ಹರೆಯದ ಅರಸ ಮುದ್ದಲಿಂಗ ನಾಯಕ ಹುಬ್ಬು ಗಂಟಿಕ್ಕಿದ. "ಆದರೂ ಪಟ ಬಿತ್ತಲ್ಲ, ಮಾವ?"

"ಹಗ್ಗ ಹರಿದು ತಾನಾಗಿ ಬಿತ್ತು, ಪ್ರಭು. ಮೊದಲು ಇವನ ಖಡ್ಗ ಕಿತ್ತುಕೊಳ್ಳಿ."

ಲೋರಪ್ಪ ತಲೆಯೆತ್ತಿಯೇ ನುಡಿದ. "ಪ್ರಭು, ಹಾರುವ ವಸ್ತುವಿಗೇ ಗುರಿಯಿಟ್ಟರೆ ಗುಂಡು ತಲುಪುವಷ್ಟರಲ್ಲಿ ಅದು ಮುಂದೆ ಸಾಗಿರುತ್ತದೆ. ಅದು ಬರಲಿರುವ ಬರಿಯ ಬಾನಿಗೆ ಹೊಡೆಯಬೇಕು. ಇನ್ನು ಈ ಖಡ್ಗ, ತಮ್ಮ ತಂದೆಯವರು ಕೈಯಾರೆ ಕಟ್ಟಿದ್ದು. ಬೇಕಿದ್ದರೆ ತಾವೇ ಇಳಿದು ಬಂದು ಬಿಚ್ಚಿಕೊಳ್ಳಿ. ಇವರ ಕೈಗೆ ಮಾತ್ರ ಕೊಡೆನು."

ಅಷ್ಟರಲ್ಲಿ ಹೊರಗಿನಿಂದ ಕಾವಲಿನವನ ಕೂಗು ಕೇಳಿಸಿತು: "ಮೂಡಲ ಗುಡ್ಡದಲ್ಲಿ ಪಟ! ಏಳು ಪಟ!"

ಗಾಳಿ ಮೂಡಲಿಂದ ಪಡುವಲಿಗೆ ಬೀಸುತ್ತಿತ್ತು. ಪಡುವಲಲ್ಲಿ, ಅರಮನೆಯ ಹಿಂದೆ, ಮದ್ದಿನಮನೆ. ಒಂದು ಕುಡಿಕೆ ಅಲ್ಲಿ ಬಿದ್ದರೂ ಅರ್ಧ ಊರು ಬೂದಿಯಾಗುತ್ತಿತ್ತು.

"ತೋಪುಗಳಿಗೆ ಕಂಕಣ ಕಟ್ಟಿದೆ," ಎಂದ ಕೆಂಚವೀರಪ್ಪ ಮೆಲ್ಲನೆ. "ಮುಟ್ಟುವಂತಿಲ್ಲ. ದೇವರ ಮೇಲೆ ಭಾರ ಹಾಕೋಣ."

ಅರಸ ಬಾಯಿ ತೆರೆದ, ಮಾತು ಹೊರಡಲಿಲ್ಲ. ಕಟ್ಟಳೆಯ ಭಯ ರಾಜರನ್ನೂ ಬಿಡುವುದಿಲ್ಲ.

"ಪಾಪ ನನ್ನದು, ಕೈಯೂ ನನ್ನದು," ಎಂದ ಲೋರಪ್ಪ. "ಊರು ಮಾತ್ರ ತಮ್ಮದು, ಪ್ರಭು." ಹಾಗೆಂದವನು ಅಪ್ಪಣೆಗೆ ಕಾಯದೆ ಕೊತ್ತಳದ ಮೆಟ್ಟಿಲೇರಿದ. ಹಿಂದೆಯೇ ಅರಸ, ಕೆಂಚವೀರಪ್ಪ, ಕಾವಲಿನವರು ಎಲ್ಲರೂ ಓಡಿದರು.

ಲೋರಪ್ಪ ಮೊದಲ ತೋಪಿನ ಕಂಕಣ ಬಿಚ್ಚಿ ತನ್ನ ಎಡಗೈಗೆ ಕಟ್ಟಿಕೊಂಡ. ಆಮೇಲೆ ಎರಡನೆಯದು. ಹತ್ತೂ ಮುಗಿಯುವಷ್ಟರಲ್ಲಿ ಮಣಿಕಟ್ಟು ಹಳದಿಯಾಗಿತ್ತು. ತೋಪಿನವರು ಹೆದರಿ ಹಿಂದೆ ಸರಿದರು; ಬತ್ತಿ ಹಚ್ಚುವ ಮುದುಕ ದುರ್ಗೋಜಿ ಒಬ್ಬನೇ ನಿಂತಿದ್ದ.

"ಬುದ್ಧೀ, ಕೈ ಹೋಗ್ತದೆ."

"ಹೋಗಲಿ, ಇನ್ನೊಂದಿದೆ. ಬತ್ತಿ ಹಿಡಿ."

ಪಟಗಳು ಇನ್ನೂ ಮೂಡಲ ಕೋಟೆಗೋಡೆಯ ಮೇಲಿದ್ದವು. ಲೋರಪ್ಪ ತೋಪಿನ ಬಾಯಿಯನ್ನು ಗೋಪುರದ ಮೇಲಿನ ಬರಿಯ ಬಾನಿಗೆ ತಿರುಗಿಸಿದ.

"ನೋಡಿ ಪ್ರಭು, ಅರಮನೆಗೇ ಗುರಿ! ತಿವಿಯಿರಿ ದ್ರೋಹಿಯನ್ನು!" ಎಂದು ಕೆಂಚವೀರಪ್ಪ ಅಬ್ಬರಿಸಿದ. ಕಾವಲಿನವನೊಬ್ಬನ ಈಟಿ ಲೋರಪ್ಪನ ಹೆಗಲಿಗಿಳಿಯಿತು. ಅವನು ಹಲ್ಲು ಕಚ್ಚಿದ, ಕದಲಲಿಲ್ಲ. ಗಾಳಿಯನ್ನು ನೋಡುತ್ತ, ಹದಿನೆಂಟು ವರ್ಷಗಳಿಂದ ಎಣಿಸುತ್ತಿದ್ದಂತೆ ಕನ್ನಡದಲ್ಲೇ ಎಣಿಸಿದ: "ಒಂದು. ಎರಡು. ಮೂರು. ನಾಲ್ಕು."

"ಈಟಿ ಕೀಳಿರಿ!" ಈ ಸಲ ಅರಸನ ದನಿ ಹೊರಟಿತು. "ಯಾರೂ ಅವರನ್ನು ಮುಟ್ಟಕೂಡದು!"

"ಐದು. ಹಚ್ಚು!"

ತೋಪು ಗುಡುಗಿತು. ಬರಿಯ ಬಾನೆಂದು ಎಲ್ಲರೂ ಕಂಡ ಜಾಗಕ್ಕೆ ಆ ಕ್ಷಣದಲ್ಲೇ ಎರಡು ಪಟಗಳು ತೇಲಿಬಂದು, ಚಿಂದಿಯಾಗಿ ಅರಮನೆಯ ಕೊಳಕ್ಕೆ ಬಿದ್ದವು. ಹಿಂದೆ ಸರಿದಿದ್ದವರು ಕೇಕೆ ಹಾಕಿ ಉಳಿದ ತೋಪುಗಳಿಗೆ ಮುಗಿಬಿದ್ದರು. ಏಳನೆಯ ಪಟ ಉರುಳಿದಾಗ ಮದ್ದಿನಮನೆ ಕೂಗಳತೆಯಲ್ಲಿತ್ತು.

ಅರಸ ಆ ಕಡೆಗೆ ನೋಡಿದ. ಕೊತ್ತಳದ ಮೇಲಿನಿಂದ ಇಡೀ ಊರು ಕಾಣುತ್ತಿತ್ತು, ಪ್ರತಿ ಬಾಗಿಲಲ್ಲೂ ಹಸುರು ತೋರಣ. ಮದ್ದಿನಮನೆಯ ಪಕ್ಕದ ದೊಡ್ಡ ಮನೆಯ ಬಾಗಿಲು ಮಾತ್ರ ಬೋಳಾಗಿತ್ತು. ದುರ್ಗೋಜಿಯೂ ಅದನ್ನು ಕಂಡು ಕೆಂಚವೀರಪ್ಪನ ಕಡೆ ತಿರುಗಿದ.

"ಸ್ವಾಮಿ, ಅದು ನಿಮ್ಮ ಮನೆ ಅಲ್ಲವಾ? ಹಬ್ಬದ ದಿನ ಬಾಗಿಲಿಗೆ ತೋರಣ ಕಟ್ಟೋ ಹೆಣ್ಣುಮಕ್ಕಳು ಎಲ್ಲಿ ಹೋದರು?"

ಕೆಂಚವೀರಪ್ಪ ಮೆಟ್ಟಿಲ ಕಡೆಗೆ ಸರಿದ. ಹೆಂಡತಿ ಮಕ್ಕಳನ್ನು ಹಿಂದಿನ ದಿನವೇ ಊರಾಚೆ ಸಾಗಿಸಿದ್ದವನಿಗೆ ಎಲ್ಲವೂ ನೆನಪಿತ್ತು, ತೋರಣವೊಂದು ಮರೆತಿತ್ತು.

"ತೋಪುಗಳು ಇಂದು ಮೂಕವೆಂದು ವೈರಿಗೆ ತಿಳಿಸಿದವರು ಯಾರೆಂದು ತಿಳಿಯಿತು, ಮಾವ," ಎಂದ ಅರಸ. ಈಟಿಗಳು ದಿಕ್ಕು ಬದಲಿಸಿದವು.

ನೆತ್ತರು ಸುರಿಯುತ್ತಿದ್ದ ಲೋರಪ್ಪ ಎಡಗೈಯನ್ನು ಮುಂದೆ ಚಾಚಿದ. "ಕಟ್ಟಳೆ ಕಟ್ಟಳೆಯೇ, ಪ್ರಭು. ಬಿಚ್ಚಿದ್ದು ಈ ಕೈ. ಕ್ಷಮೆ ಬೇಡೆನು. ನಾಳೆ ಪಟ ಬಂದರೂ ಇದನ್ನೇ ಮಾಡುವೆನು."

ಅರಸನ ಕಣ್ಣು ತುಂಬಿ ಬಂತು. "ಕಂಕಣ ಎಲ್ಲಿ ಬಿಚ್ಚಿದೆ, ದಳವಾಯಿಗಳೇ? ಕಟ್ಟಿಯೇ ಇದೆಯಲ್ಲ. ಬಿಚ್ಚುವುದು ನಾಳೆ, ನಮ್ಮ ಕೈಯಿಂದ."

ವಿಜಯದಶಮಿಯ ಬೆಳಗ್ಗೆ ಹೆಗಲಿಗೆ ಪಟ್ಟಿ ಸುತ್ತಿಕೊಂಡ ಲೋರಪ್ಪ ತೋಪುಗಳ ಸಾಲಿನ ಕೊನೆಯಲ್ಲಿ, ಹನ್ನೊಂದನೆಯದಾಗಿ ನಿಂತಿದ್ದ. ಮಹಾರಾಜರು ಹತ್ತು ತೋಪುಗಳಿಗೂ ಕುಂಕುಮವಿಟ್ಟು ಅವನೆದುರು ಬಂದು, ಮಣಿಕಟ್ಟಿನ ಹತ್ತೂ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದರು. ಹಣೆಗೆ ಕುಂಕುಮವಿಡಲು ಹೋದರೆ ಕೈ ಎಟುಕಲಿಲ್ಲ. ಯಾರೆದುರೂ ತಗ್ಗದ ಆ ಎತ್ತರದ ತಲೆ ಆಗ, ಯಾರೂ ಹೇಳದೆ, ತಾನಾಗಿ ಬಾಗಿತು.